ಜೀನಿಗೆ ‘ಸುಮ್ಮನಿರು’ ಎನ್ನುವ ಪುಟಾಣಿ ಆರ್‌ಎನ್‌ಎ

ಮಕ್ಕಳೇ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಬೆಂಗಳೂರಿನ ಪೀಣ್ಯದ ಕಾರ್ಖಾನೆಗೆ ಕೆಲಸಕ್ಕೆ ಹೋಗುವವರು ಯಾರಾದರೂ ಇದ್ದಾರೆಯೇ? ಇದ್ದರೆ ಅವರನ್ನು ಒಂದು ಮಾತು ಕೇಳಿ ನೋಡಿ: “ಮಾಮಾ, ಯಾವ ಪಾರ್ಟು ಎಷ್ಟು ಉದ್ದ, ಎಷ್ಟು ದಪ್ಪ ಇರಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?” “ಡ್ರಾಯಿಂಗ್ ಇರುತ್ತಲ್ಲ, ಅದನ್ನ ನೋಡಿ ಮಾಡ್ತೀವಿ” ಎನ್ನುತ್ತಾರೆ. ಮೂಲ ಡ್ರಾಯಿಂಗ್ ಆಫೀಸಿನ ಬೀರುವಿನಲ್ಲಿ ಭದ್ರವಾಗಿರುತ್ತದೆ. ಲೇತ್ ಯಂತ್ರದ ಎಣ್ಣೆ, ಕಬ್ಬಿಣದ ಚೂರುಗಳ ನಡುವೆ ಅದನ್ನು ಯಾರೂ ತರುವುದಿಲ್ಲ. ಅದರದೊಂದು ನಕಲು ಮಾತ್ರ ಯಂತ್ರದ ಹತ್ತಿರ ಬರುತ್ತದೆ. ನಕಲು ನೋಡಿಕೊಂಡು ಆಪರೇಟರ್ ಪಾರ್ಟು ತಯಾರಿಸುತ್ತಾರೆ.

ಈಗ, ಒಂದು ಪಾರ್ಟು ಸದ್ಯಕ್ಕೆ ಬೇಡವಾಯಿತು ಎಂದುಕೊಳ್ಳಿ. ನಿಲ್ಲಿಸಲು ಎರಡು ದಾರಿಗಳಿವೆ. ಬೀರು ತೆಗೆದು ಮೂಲ ಡ್ರಾಯಿಂಗನ್ನೇ ಹರಿದುಹಾಕಬಹುದು. ಹಾಗೆ ಮಾಡಿದರೆ ಮುಂದೆ ಬೇಕಾದಾಗ ಏನು ಗತಿ? ಇನ್ನೊಂದು ದಾರಿ ಇದೆ. ಮೂಲವನ್ನು ಇದ್ದಲ್ಲೇ ಬಿಟ್ಟು, ಯಂತ್ರಕ್ಕೆ ಬರುವ ನಕಲನ್ನು ನಡುವೆಯೇ ಹರಿದುಬಿಡುವುದು. ನಕಲಿಲ್ಲ ಎಂದರೆ ಪಾರ್ಟೂ ಇಲ್ಲ. ಬೀರುವಿನಲ್ಲಿರುವ ಮೂಲಕ್ಕೆ ಮಾತ್ರ ಒಂದು ಗೀರೂ ಬಿದ್ದಿರುವುದಿಲ್ಲ.

ಈ ಎರಡನೆಯ ದಾರಿ ಗಿಡಗಳಿಗೆ, ಹುಳುಗಳಿಗೆ, ನಮ್ಮ ನಿಮ್ಮ ದೇಹದ ಜೀವಕೋಶಗಳಿಗೆ ಕೋಟ್ಯಂತರ ವರ್ಷಗಳಿಂದ ಗೊತ್ತಿದೆ. ವಿಜ್ಞಾನಿಗಳು ಅದನ್ನು ಆರ್‌ಎನ್‌ಎ ಇಂಟರ್‌ಫಿಯರೆನ್ಸ್ ಎನ್ನುತ್ತಾರೆ, ಚುಟುಕಾಗಿ ಆರ್‌ಎನ್‌ಎಐ. ಜೀನನ್ನು ಕೆಡಿಸದೆ ಅದನ್ನು ಸುಮ್ಮನಿರಿಸುವ ವಿದ್ಯೆ ಇದು. ಇದರಲ್ಲಿ ಎರಡು ಪ್ರಶ್ನೆಗಳಿವೆ. ನಕಲನ್ನು ಹರಿಯುವುದು ಹೇಗೆ? ಹರಿಯುವ ಸಾಮಾನನ್ನು ಸರಿಯಾದ ಜೀವಕೋಶದ ಒಳಗೆ ಮುಟ್ಟಿಸುವುದು ಹೇಗೆ? ಮೊದಲನೆಯದಕ್ಕೆ ಉತ್ತರ ಬೇಗ ಸಿಕ್ಕಿತು. ಎರಡನೆಯದರ ಉತ್ತರ ಇನ್ನೂ ಅರ್ಧವೇ ಸಿಕ್ಕಿದೆ. ಉಳಿದರ್ಧ ನಿಮ್ಮ ಪೀಳಿಗೆಗೆ ಕಾದಿದೆ ಎಂದು ನನಗೆ ಅನಿಸುತ್ತದೆ. ಅದಕ್ಕೇ ಈ ಕಥೆಯನ್ನು ನಿಮಗೆ ಹೇಳುತ್ತಿದ್ದೇನೆ.

ಜೀವಕೋಶದೊಳಗಿನ ಬೀರು

ನಮ್ಮ ಜೀವಕೋಶದ ನಡುವೆ ಕೋಶಕೇಂದ್ರ ಎಂಬ ಪುಟ್ಟ ಕೋಣೆ ಇದೆ. ಅದೇ ಬೀರು. ಅದರಲ್ಲಿ ಸುತ್ತಿ ಮಡಚಿ ಇಟ್ಟಿರುವ ಡಿಎನ್‌ಎಯನ್ನು ಬಿಡಿಸಿ ನೇರವಾಗಿ ಎಳೆದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಒಂದೇ ಒಂದು ಜೀವಕೋಶದಲ್ಲಿ ಅಷ್ಟು! ಆ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಸುವ ಸುಮಾರು 20,000 ಡ್ರಾಯಿಂಗ್‌ಗಳಿವೆ. ಒಂದೊಂದು ಡ್ರಾಯಿಂಗೂ ಒಂದೊಂದು ಜೀನು.

ಜೀನಿನ ನಕಲಿಗೆ ಸಂದೇಶವಾಹಕ ಆರ್‌ಎನ್‌ಎ ಎಂದು ಹೆಸರು. ಅದು ಕೋಶಕೇಂದ್ರದಿಂದ ಹೊರಗೆ ಬರುತ್ತದೆ. ಹೊರಗಿರುವ ರೈಬೋಸೋಮ್ ಎಂಬ ಯಂತ್ರಗಳು ಅದನ್ನು ಓದಿ ಪ್ರೋಟೀನ್ ಕಟ್ಟುತ್ತವೆ. ಕೂದಲಿನಲ್ಲಿ ಇರುವುದು ಪ್ರೋಟೀನ್. ರಕ್ತದಲ್ಲಿ ಆಮ್ಲಜನಕ ಹೊರುವುದು ಪ್ರೋಟೀನ್. ಊಟ ಜೀರ್ಣ ಮಾಡಿಸುವುದೂ ಪ್ರೋಟೀನೇ. ಪಿತ್ತಕೋಶದ ಪಕ್ಕದಲ್ಲಿರುವ ಯಕೃತ್ತಿನ ಜೀವಕೋಶಕ್ಕೂ ಕಣ್ಣಿನ ಜೀವಕೋಶಕ್ಕೂ ಡ್ರಾಯಿಂಗ್‌ಗಳು ಒಂದೇ. ಯಾವುದರ ನಕಲು ತೆಗೆಯಬೇಕು, ಯಾವುದನ್ನು ಬೀರುವಿನಲ್ಲೇ ಬಿಡಬೇಕು ಎನ್ನುವುದರಲ್ಲಿ ಮಾತ್ರ ವ್ಯತ್ಯಾಸ.

ಕೆಲವೊಮ್ಮೆ ಒಂದು ಜೀನಿನಲ್ಲಿ ತಪ್ಪು ಸೇರಿಕೊಂಡು ಕೆಟ್ಟ ಪ್ರೋಟೀನ್ ತಯಾರಾಗುತ್ತದೆ. ಕೆಲವೊಮ್ಮೆ ಒಳ್ಳೆಯ ಪ್ರೋಟೀನೇ ಬೇಕಾದ್ದಕ್ಕಿಂತ ಹೆಚ್ಚಾಗುತ್ತದೆ. ಇನ್ನು ಕೆಲವೊಮ್ಮೆ ವೈರಸ್ ಒಳನುಗ್ಗಿ, ತನ್ನದೇ ಡ್ರಾಯಿಂಗನ್ನು ನಮ್ಮ ಯಂತ್ರಗಳ ಮುಂದಿಟ್ಟು ತನ್ನ ಪಾರ್ಟುಗಳನ್ನು ಮಾಡಿಸಿಕೊಳ್ಳುತ್ತದೆ. ಈ ಮೂರೂ ಸಂದರ್ಭಗಳಲ್ಲಿ ನಕಲನ್ನು ಹರಿಯಬಲ್ಲ ಒಬ್ಬ ಗಟ್ಟಿಗ ಬೇಕು.

ಬಣ್ಣ ಕಳೆದುಕೊಂಡ ಹೂವು

ಬೆಂಗಳೂರಿನ ಚಳಿಗಾಲದಲ್ಲಿ ಮನೆಗಳ ಬಾಲ್ಕನಿಯ ಕುಂಡಗಳಲ್ಲಿ ಪೆಟೂನಿಯಾ ಅರಳುವುದನ್ನು ನೋಡಿದ್ದೀರಲ್ಲ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಿಚರ್ಡ್ ಜಾರ್ಗೆನ್ಸನ್, ಕ್ಯಾರೊಲಿನ್ ನಪೋಲಿ ಮತ್ತು ಅವರ ಜೊತೆಗಾರರಿಗೆ ಈ ಹೂವಿನ ನೇರಳೆ ಬಣ್ಣವನ್ನು ಇನ್ನಷ್ಟು ಗಾಢ ಮಾಡುವ ಆಸೆ ಇತ್ತು. ಬಣ್ಣ ತಯಾರಿಸುವ ಜೀನಿನ ಇನ್ನೊಂದು ಪ್ರತಿಯನ್ನು ಗಿಡದೊಳಗೆ ಸೇರಿಸಿದರು. ಜೀನು ಹೆಚ್ಚಾದರೆ ಬಣ್ಣವೂ ಹೆಚ್ಚಬೇಕು, ಅಲ್ಲವೇ?

ಆದದ್ದೇ ಬೇರೆ. ಅನೇಕ ಗಿಡಗಳಲ್ಲಿ ಹೂವು ಬೆಳ್ಳಗೆ ಅರಳಿತು. ಕೆಲವು ಹೂಗಳಲ್ಲಿ ನೇರಳೆಯ ನಡುವೆ ಬಿಳಿ ಪಟ್ಟೆಗಳು. ಹೊಸದಾಗಿ ಹಾಕಿದ ಜೀನು ಕೆಲಸ ಮಾಡಲಿಲ್ಲ. ಗಿಡದಲ್ಲಿ ಮೊದಲಿನಿಂದ ಇದ್ದ ಜೀನೂ ಸುಮ್ಮನಾಗಿಬಿಟ್ಟಿತ್ತು. 1990ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅಂದುಕೊಂಡ ಫಲ ಬರಲಿಲ್ಲ ಎಂದು ಆ ಹೂಗಳನ್ನು ಕಿತ್ತೆಸೆಯಲಿಲ್ಲ. ಇದು ಯಾಕೆ ಹೀಗಾಯಿತು ಎಂದು ಕೇಳಿದರು. ವಿಜ್ಞಾನದಲ್ಲಿ ಆ ಪ್ರಶ್ನೆಗೆ ಬಹಳ ಬೆಲೆ.

ಉತ್ತರ ಸಿಕ್ಕಿದ್ದು ಮಣ್ಣಿನಲ್ಲಿರುವ ಒಂದು ಪುಟ್ಟ ದುಂಡು ಹುಳುವಿನಲ್ಲಿ. ಸಿ. ಎಲಿಗನ್ಸ್ ಎಂಬ ಈ ಹುಳು ಬೆಳೆದರೆ 1 ಮಿಲಿಮೀಟರ್ ಉದ್ದ. ಮೈ ಪಾರದರ್ಶಕ. ಅದರ ನರಕೋಶಗಳನ್ನು ವಿಜ್ಞಾನಿಗಳು ಒಂದೊಂದಾಗಿ ಎಣಿಸಿದ್ದಾರೆ: 302. ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೊ ಮತ್ತು ಜೊತೆಗಾರರು ಈ ಹುಳುವಿನ ಸ್ನಾಯುವಿಗೆ ಬೇಕಾದ ಒಂದು ಜೀನನ್ನು ಆರಿಸಿಕೊಂಡರು. ಆ ಜೀನು ಕೆಲಸ ನಿಲ್ಲಿಸಿದರೆ ಹುಳು ಮೈಯೆಲ್ಲ ಅದುರಿಸತೊಡಗುತ್ತದೆ. ಆದ್ದರಿಂದ ಜೀನು ಸುಮ್ಮನಾಯಿತೋ ಇಲ್ಲವೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದರೇ ಗೊತ್ತಾಗುತ್ತದೆ.

ಆ ಜೀನಿನ ಅಕ್ಷರಗಳಿರುವ ಆರ್‌ಎನ್‌ಎಯನ್ನು ಒಂಟಿ ಎಳೆಯಾಗಿ ಹುಳುವಿಗೆ ಚುಚ್ಚಿದರು. ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಅದಕ್ಕೆ ಜೊತೆಯಾಗುವ ಎದುರು ಎಳೆಯನ್ನು ಚುಚ್ಚಿದರು. ಆಗಲೂ ಅಷ್ಟೇ. ಎರಡೂ ಎಳೆಗಳನ್ನು ಜೋಡಿಸಿ, ಜೋಡಿ ಎಳೆಯಾಗಿ ಚುಚ್ಚಿದಾಗ ಹುಳುವಿನ ಮರಿಗಳು ಅದುರತೊಡಗಿದವು! ಒಂದು ಜೀವಕೋಶಕ್ಕೆ ಕೆಲವೇ ಕೆಲವು ಅಣುಗಳಷ್ಟು ಆರ್‌ಎನ್‌ಎ ಸಾಕಾಗಿತ್ತು. 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಸುದ್ದಿ ಬಂತು. ಎಂಟೇ ವರ್ಷಗಳಲ್ಲಿ, 2006ರಲ್ಲಿ, ಫೈರ್ ಮತ್ತು ಮೆಲ್ಲೊ ಅವರಿಗೆ ನೊಬೆಲ್ ಪ್ರಶಸ್ತಿ ಸಿಕ್ಕಿತು.

ಹರಿಯುವುದು ಹೀಗೆ

ಈಗ ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಆರ್‌ಎನ್‌ಎಯಲ್ಲಿ ಇರುವುದು ನಾಲ್ಕೇ ಅಕ್ಷರ: ಎ, ಯು, ಜಿ, ಸಿ. ಎ ಎದುರಿಗೆ ಯು ಬರಬೇಕು. ಜಿ ಎದುರಿಗೆ ಸಿ ಬರಬೇಕು. ಒಂದು ಸಾಲಿನಲ್ಲಿ ‘ಎ ಯು ಜಿ ಸಿ ಸಿ ಎ’ ಎಂದು ಬರೆಯಿರಿ. ಅದರ ಕೆಳಗೆ ಒಂದೊಂದಕ್ಕೂ ಜೊತೆಯ ಅಕ್ಷರ ಬರೆಯಿರಿ. ‘ಯು ಎ ಸಿ ಜಿ ಜಿ ಯು’ ಬಂತೇ? ನೀವೀಗ ಬರೆದದ್ದು ಜೋಡಿ ಎಳೆಯ ಆರ್‌ಎನ್‌ಎಯ ಒಂದು ತುಣುಕು.

ನಮ್ಮ ಜೀವಕೋಶದಲ್ಲಿ ಸಾಮಾನ್ಯವಾಗಿ ಆರ್‌ಎನ್‌ಎ ಒಂಟಿ ಎಳೆಯಾಗಿ ಓಡಾಡುತ್ತದೆ. ಉದ್ದನೆಯ ಜೋಡಿ ಎಳೆ ಕಂಡಿತೆಂದರೆ ಡೈಸರ್ ಎಂಬ ಪ್ರೋಟೀನ್ ಅದನ್ನು ಹಿಡಿದು ತುಂಡರಿಸುತ್ತದೆ. ಒಂದೊಂದು ತುಂಡೂ 21ರಿಂದ 23 ಅಕ್ಷರಗಳಷ್ಟು ಉದ್ದ. ಹೀಗೆ ಸಿಕ್ಕ ಚಿಕ್ಕ ತುಂಡಿಗೆ ಎಸ್‌ಐಆರ್‌ಎನ್‌ಎ ಎಂದು ಹೆಸರು. ಆರ್ಗೊನಾಟ್ ಎಂಬ ಇನ್ನೊಂದು ಪ್ರೋಟೀನ್ ಆ ತುಂಡನ್ನು ತೆಗೆದುಕೊಂಡು, ಎರಡು ಎಳೆಗಳಲ್ಲಿ ಒಂದನ್ನು ಬಿಸಾಡಿ, ಇನ್ನೊಂದನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ.

ಆಮೇಲೆ ಹುಡುಕಾಟ ಶುರು. ಆರ್ಗೊನಾಟ್ ತನ್ನಲ್ಲಿರುವ ಎಳೆಯನ್ನು ಸಂದೇಶವಾಹಕ ಆರ್‌ಎನ್‌ಎಗಳ ಜೊತೆ ಹೋಲಿಸಿ ನೋಡುತ್ತದೆ. ಅಕ್ಷರಕ್ಕೆ ಅಕ್ಷರ ಜೊತೆಯಾದರೆ ಆ ಸಂದೇಶವನ್ನು ನಡುವೆ ಕತ್ತರಿಸಿಬಿಡುತ್ತದೆ. ತುಂಡಾದ ಸಂದೇಶವನ್ನು ಜೀವಕೋಶ ಅರೆದು ಮುಗಿಸುತ್ತದೆ; ಪ್ರೋಟೀನ್ ತಯಾರಾಗುವುದಿಲ್ಲ. ಆರ್ಗೊನಾಟ್ ಮಾತ್ರ ಸವೆಯುವುದಿಲ್ಲ. ಅದೇ ಎಳೆಯನ್ನು ಹಿಡಿದುಕೊಂಡು ಮುಂದಿನ ನಕಲಿನ ಕಡೆ ಹೊರಡುತ್ತದೆ. ಒಂದು ಎಸ್‌ಐಆರ್‌ಎನ್‌ಎಯಿಂದ ಹಲವಾರು ನಕಲುಗಳು ಹರಿದುಹೋಗುವುದು ಹೀಗೆ. ಕೆಲವೇ ಅಣುಗಳು ಹುಳುವನ್ನು ಅದುರಿಸಿದ ಗುಟ್ಟಿನ ಒಂದು ಭಾಗ ಇದು.

ಜೀವಕೋಶಕ್ಕೆ ಈ ಏರ್ಪಾಡು ಯಾಕೆ ಬೇಕಿತ್ತು? ಅನೇಕ ವೈರಸ್‌ಗಳು ತಮ್ಮ ಸಂಖ್ಯೆ ಹೆಚ್ಚಿಸಿಕೊಳ್ಳುವಾಗ ಜೋಡಿ ಎಳೆಯ ಆರ್‌ಎನ್‌ಎ ಉಂಟಾಗುತ್ತದೆ. ಜೋಡಿ ಎಳೆ ಕಂಡರೆ ಕಳ್ಳ ಒಳಗಿದ್ದಾನೆ ಎಂದರ್ಥ. ಗಿಡಗಳೂ ಕೀಟಗಳೂ ವೈರಸ್ಸನ್ನು ಎದುರಿಸಲು ಇದನ್ನೇ ನೆಚ್ಚಿಕೊಂಡಿವೆ. ಇಷ್ಟೇ ಅಲ್ಲ, ತಮ್ಮ ಸ್ವಂತ ಜೀನುಗಳ ಕೆಲಸವನ್ನು ಹದದಲ್ಲಿಡಲು ಜೀವಿಗಳೇ ಮೈಕ್ರೋಆರ್‌ಎನ್‌ಎ ಎಂಬ ಚಿಕ್ಕ ತುಣುಕುಗಳನ್ನು ತಯಾರಿಸಿಕೊಳ್ಳುತ್ತವೆ. ಅದನ್ನು ಮೊದಲು ಕಂಡವರಾದ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್‌ಕುನ್ ಅವರಿಗೆ 2024ರ ನೊಬೆಲ್ ಸಂದಿತು. ಅವರಿಗೂ ಅದು ಕಂಡದ್ದು ಅದೇ 1 ಮಿಲಿಮೀಟರ್ ಹುಳುವಿನಲ್ಲಿ! ಬೆಂಗಳೂರಿನಲ್ಲೂ ಈ ಅಧ್ಯಯನ ನಡೆಯುತ್ತಿದೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಸಂಸ್ಥೆಯಲ್ಲಿ ಪಿ.ವಿ. ಶಿವಪ್ರಸಾದ್ ಅವರ ತಂಡ ಭತ್ತದಂಥ ಗಿಡಗಳ ಚಿಕ್ಕ ಆರ್‌ಎನ್‌ಎಗಳು ಏನೇನು ಮಾಡುತ್ತವೆ ಎಂದು ಹುಡುಕುತ್ತಿದೆ.

ರೇಷ್ಮೆ ಹುಳು ಕಲಿಸಿದ ಪಾಠ

ಇನ್ನು ಎರಡನೆಯ ಪ್ರಶ್ನೆಗೆ ಬರೋಣ: ಒಳಗೆ ಮುಟ್ಟಿಸುವುದು ಹೇಗೆ?

ವೈಟ್‌ಫೀಲ್ಡ್‌ನಿಂದ ಹೊಸಕೋಟೆ ಕಡೆ, ಎಲೆಕ್ಟ್ರಾನಿಕ್ ಸಿಟಿಯಿಂದ ಆನೇಕಲ್ ಕಡೆ ಹೋದರೆ ಅಪಾರ್ಟ್‌ಮೆಂಟುಗಳು ಮುಗಿದಲ್ಲಿ ಹಿಪ್ಪುನೇರಳೆ ತೋಟಗಳು ಇನ್ನೂ ಸಿಗುತ್ತವೆ. ಈ ಎರಡು ಬಡಾವಣೆಗಳ ನಡುವಿನ ಸರ್ಜಾಪುರ ರಸ್ತೆಯ ಕೊಡತಿಯಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಪ್ರಯೋಗಾಲಯವೊಂದಿದೆ. ರೇಷ್ಮೆ ಹುಳುವಿನ ಜೀನುಗಳು, ರೋಗಗಳು ಅಲ್ಲಿನ ಸಂಶೋಧಕರ ನಿತ್ಯದ ವಿಷಯ.

ಹುಳು ಸಾಕುವ ಮನೆಯವರನ್ನು ಕೇಳಿದರೆ ಹಾಲುತೊಂಡೆ ರೋಗದ ಬಗ್ಗೆ ಹೇಳುತ್ತಾರೆ. ಚಾಕಿ ಎಂಬ ಎಳೆಯ ಹಂತ ದಾಟಿ, ‘ಜ್ವರ’ ಎಂದು ಕರೆಯುವ ಪೊರೆ ಬಿಡುವ ಹಂತಗಳನ್ನು ಮುಗಿಸಿ, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಎನ್ನುವಾಗ ಹುಳು ಊದಿಕೊಳ್ಳುತ್ತದೆ. ಚರ್ಮ ಹೊಳೆಯುತ್ತದೆ. ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಗೊತ್ತುಗುರಿಯಿಲ್ಲದೆ ಹರಿದಾಡುತ್ತದೆ. ಕೊನೆಗೆ ಚರ್ಮ ಒಡೆದು ಹಾಲಿನಂಥ ದ್ರವ ಸುರಿಯುತ್ತದೆ. ಆ ದ್ರವದ ತುಂಬ ವೈರಸ್. ಅದು ಸೋಕಿದ ಸೊಪ್ಪು ತಿಂದ ಪಕ್ಕದ ಹುಳುವಿಗೂ ರೋಗ. ತಿಂಗಳು ಪೂರ್ತಿ ಮನೆಮಂದಿಯೆಲ್ಲ ಸೊಪ್ಪು ಹಾಕಿ ಸಾಕಿದ್ದು ಗೂಡಾಗುವ ಮೊದಲೇ ಕೈ ತಪ್ಪುತ್ತದೆ. ಬಂದ ಮೇಲೆ ಇದಕ್ಕೆ ಮದ್ದಿಲ್ಲ. ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ಮನೆಯನ್ನು ಶುಚಿಯಾಗಿಡುವುದೇ ರಕ್ಷೆ.

ಆ ವೈರಸ್ಸಿನ ಜೀನುಗಳನ್ನು ಹುಳುವಿನ ಮೈಯೊಳಗೇ ಸುಮ್ಮನಿರಿಸಿದರೆ ಹೇಗೆ? ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ, ಮುಂದೆ ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆಯಲ್ಲಿ ಪ್ರಯೋಗಾಲಯ ಕಟ್ಟಿದ ರೇಷ್ಮೆ ವಿಜ್ಞಾನಿ ಜೆ. ನಾಗರಾಜು ಮತ್ತು ಅವರ ತಂಡದವರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಕನ್ನಡ, ತೆಲುಗು ಎರಡೂ ಕೇಳಿಬರುವ ಗಡಿಯೂರು ಹಿಂದೂಪುರದ ರೇಷ್ಮೆ ಸಂಶೋಧನಾ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಅವರ ಜೊತೆಗಿದ್ದರು.

ಮೊದಲು ಎದುರಾದದ್ದೇ ಮುಟ್ಟಿಸುವ ಕಷ್ಟ. ಸಿ. ಎಲಿಗನ್ಸ್ ಹುಳುವಿಗೆ ಜೋಡಿ ಎಳೆಯ ಆರ್‌ಎನ್‌ಎಯನ್ನು ಬ್ಯಾಕ್ಟೀರಿಯಾದೊಳಗಿಟ್ಟು ತಿನ್ನಿಸಿದರೂ ಸಾಕು, ಅದರ ಮೈಯೆಲ್ಲ ಹರಡುತ್ತದೆ. ಆರ್‌ಎನ್‌ಎಯನ್ನು ಒಳಗೆ ಬಿಡುವ ಪ್ರೋಟೀನ್ ದಾರಿಯೇ ಅದರ ಜೀವಕೋಶಗಳಲ್ಲಿದೆ. ರೇಷ್ಮೆ ಹುಳು ಹಾಗಲ್ಲ. ಅದರ ಕರುಳಿನ ರಸ ಬಲು ಕ್ಷಾರ. ಜೋಡಿ ಎಳೆಯ ಆರ್‌ಎನ್‌ಎಯನ್ನು ಚೂರು ಮಾಡುವ ಕಿಣ್ವವೂ ಆ ರಸದಲ್ಲಿದೆ. ಸೊಪ್ಪಿಗೆ ಆರ್‌ಎನ್‌ಎ ಸವರಿ ತಿನ್ನಿಸಿದರೆ ಬಹುಪಾಲು ಕರುಳಿನಲ್ಲೇ ಮುಗಿದುಹೋಗುತ್ತದೆ.

ಹೊರಗಿನಿಂದ ಕಳಿಸಲು ಆಗದಿದ್ದರೆ ಒಳಗೇ ತಯಾರಾಗುವಂತೆ ಮಾಡಬೇಕು. ತಂಡದವರು ರೇಷ್ಮೆ ಹುಳುವಿನ ಮೊಟ್ಟೆಗೆ ಹೊಸ ಡಿಎನ್‌ಎ ಸೇರಿಸಿದರು. ಆ ಮೊಟ್ಟೆಗಳಿಂದ ಬೆಳೆಸಿದ ತಳಿಯಲ್ಲಿ ಹುಳುವಿನ ಜೀವಕೋಶಗಳೇ ವೈರಸ್ಸಿನ ಅಕ್ಷರಗಳಿರುವ ಜೋಡಿ ಎಳೆಯ ಆರ್‌ಎನ್‌ಎಯನ್ನು ತಯಾರಿಸತೊಡಗಿದವು. ಉಳಿದ ಕೆಲಸ ಡೈಸರ್ ಮತ್ತು ಆರ್ಗೊನಾಟ್‌ಗಳದು. 2007ರ ಹೊತ್ತಿಗೆ ವೈರಸ್ಸಿನ ಒಂದು ಮುಖ್ಯ ಜೀನನ್ನು ತಡೆದು ತೋರಿಸಿದರು. ಆಮೇಲೆ ಹಲವು ಜೀನುಗಳನ್ನು ಒಟ್ಟಿಗೇ ತಡೆಯುವ ತಳಿಯನ್ನು ಮಾಡಿದರು. ವೈರಸ್ ಉಣಿಸಿದಾಗ ಸಾಮಾನ್ಯ ಹುಳುಗಳಿಗಿಂತ ಈ ಹುಳುಗಳು ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ ಉಳಿದುಕೊಂಡವು. ಆ ಗುಣವನ್ನು ಹೆಚ್ಚು ರೇಷ್ಮೆ ಕೊಡುವ ತಳಿಗೂ ದಾಟಿಸಿದರು. 2012ರ ಡಿಸೆಂಬರ್ ಕೊನೆಯಲ್ಲಿ ನಾಗರಾಜು ತೀರಿಕೊಂಡರು. ಈ ಕೆಲಸದ ವಿವರ ‘ಜೆನೆಟಿಕ್ಸ್’ ಪತ್ರಿಕೆಯ 2013ರ ಜನವರಿ ಸಂಚಿಕೆಯಲ್ಲಿದೆ.

ಜೀನು ಸೇರಿಸಿದ ಹುಳುವನ್ನು ರೈತರ ಮನೆಗೆ ಕೊಡುವ ಮೊದಲು ಬಹಳಷ್ಟು ಪರೀಕ್ಷೆಗಳಾಗಬೇಕು, ಸರ್ಕಾರದ ಒಪ್ಪಿಗೆ ಸಿಗಬೇಕು. ಅದು ಹಾಗೆಯೇ ಇರಬೇಕು ಕೂಡ. ಪರಿಸರಕ್ಕೆ ಬಿಟ್ಟ ಜೀವಿಯನ್ನು ಮತ್ತೆ ಹಿಂದಕ್ಕೆ ಕರೆಯಲು ಬರುವುದಿಲ್ಲ.

ಎಲ್ಲ ಕೀಟಗಳೂ ರೇಷ್ಮೆ ಹುಳುವಿನಷ್ಟು ಹಟಮಾರಿಗಳಲ್ಲ. ದುಂಬಿಗಳ ಜಾತಿಯ ಅನೇಕ ಕೀಟಗಳಿಗೆ ಆರ್‌ಎನ್‌ಎ ತಿನ್ನಿಸಿದರೆ ಸಾಕಾಗುತ್ತದೆ. ಆಲೂಗಡ್ಡೆ ಗಿಡ ತಿನ್ನುವ ಕೊಲೊರಾಡೊ ದುಂಬಿಗೆಂದು ಎಲೆಗೆ ಸಿಂಪಡಿಸುವ ಆರ್‌ಎನ್‌ಎಗೆ ಅಮೆರಿಕದಲ್ಲಿ 2023ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿದೆ. ಪೀಣ್ಯ ದಾಟಿ ಮುಂದಕ್ಕೆ ಹೋದರೆ ಸಿಗುವ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ತರಕಾರಿ ಬೆಳೆಯ ಕೀಟಗಳ ಮೇಲೆ ಜೋಡಿ ಎಳೆಯ ಆರ್‌ಎನ್‌ಎ ಪ್ರಯೋಗಿಸಿ ನೋಡಿದ್ದಾರೆ. ಅಕ್ಷರ ಜೊತೆಯಾಗುವ ಕೀಟಕ್ಕಷ್ಟೇ ತಾಗಿ, ಜೇನುನೊಣಕ್ಕೆ ತೊಂದರೆ ಕೊಡದ ಮದ್ದು ಸಿಗಬಹುದೇ ಎಂಬುದು ಇಂಥ ಪ್ರಯೋಗಗಳ ಹಿಂದಿರುವ ಆಸೆ.

ಮನುಷ್ಯರ ಮೈಯೊಳಗೆ

ಮನುಷ್ಯರ ಮೊಟ್ಟೆ ಹಂತದಲ್ಲೇ ಜೀನು ಸೇರಿಸಿ ಕೂರುವಂತಿಲ್ಲ. ಕಾಯಿಲೆಯಾದ ಅಜ್ಜನಿಗೋ ಅತ್ತೆಗೋ ಮದ್ದಾಗಿಯೇ ಕೊಡಬೇಕು. ಇಲ್ಲಿ ಎಸ್‌ಐಆರ್‌ಎನ್‌ಎ ದಾಟಬೇಕಾದ ತಡೆಗಳನ್ನು ಒಂದೊಂದಾಗಿ ನೋಡೋಣ.

ನುಂಗಿದರೆ ಹೊಟ್ಟೆಯಲ್ಲೇ ಜೀರ್ಣವಾಗುತ್ತದೆ. ರಕ್ತಕ್ಕೆ ಚುಚ್ಚಿದರೆ ಅಲ್ಲಿರುವ ಕಿಣ್ವಗಳು ನಿಮಿಷಗಳಲ್ಲಿ ಕತ್ತರಿಸುತ್ತವೆ. ಉಳಿದದ್ದನ್ನು ಮೂತ್ರಪಿಂಡ ಸೋಸಿ ಹೊರಗೆ ಹಾಕುತ್ತದೆ. ಇಷ್ಟನ್ನೂ ತಪ್ಪಿಸಿಕೊಂಡು ಜೀವಕೋಶದ ಬಳಿ ಬಂದರೂ ಒಳಗೆ ಹೋಗಲಾಗದು. ಜೀವಕೋಶದ ಹೊರಪೊರೆ ಜಿಡ್ಡಿನದು. ಆರ್‌ಎನ್‌ಎ ಮೈತುಂಬ ಋಣ ವಿದ್ಯುದಂಶ ಹೊತ್ತ, ನೀರನ್ನು ಇಷ್ಟಪಡುವ ಅಣು. ಜಿಡ್ಡು ಅದನ್ನು ಒಳಗೆ ಬಿಡುವುದಿಲ್ಲ.

ವಿಜ್ಞಾನಿಗಳು ಮೊದಲು ಆರ್‌ಎನ್‌ಎಯ ಕೆಲವು ಪರಮಾಣುಗಳನ್ನು ಬದಲಿಸಿ, ಕಿಣ್ವಗಳು ಸುಲಭವಾಗಿ ಕತ್ತರಿಸದಂತೆ ಅದನ್ನು ಗಟ್ಟಿಮಾಡಿದರು. ಆಮೇಲೆ ಅದನ್ನು ನಾಲ್ಕು ಬಗೆಯ ಜಿಡ್ಡಿನ ಅಣುಗಳಿಂದಾದ ಅತಿ ಸಣ್ಣ ಗುಳಿಗೆಯೊಳಗೆ ಮುಚ್ಚಿಟ್ಟರು. ಇದಕ್ಕೆ ಲಿಪಿಡ್ ನ್ಯಾನೊಕಣ ಎನ್ನುತ್ತಾರೆ. ಅಡ್ಡಳತೆ ಸುಮಾರು 100 ನ್ಯಾನೊಮೀಟರ್. ನಿಮ್ಮ ತಲೆಗೂದಲಿನ ದಪ್ಪದ ಮೇಲೆ ಇವನ್ನು ಸಾಲಾಗಿ ಇಡುವುದಾದರೆ ಹತ್ತಿರಹತ್ತಿರ ಸಾವಿರ ಹಿಡಿಸುತ್ತವೆ. ಫೈಜರ್ ಮತ್ತು ಮಾಡರ್ನಾ ಕಂಪನಿಗಳ ಕೋವಿಡ್ ಲಸಿಕೆಯೂ ಇಂಥ ಕಣದಲ್ಲೇ ಮುಚ್ಚಿಕೊಂಡು ಬಂದದ್ದು.

ಈ ಕಣ ರಕ್ತದಲ್ಲಿ ಹೋಗುವಾಗ ನಮ್ಮದೇ ರಕ್ತದ ಒಂದು ಪ್ರೋಟೀನ್ ಅದಕ್ಕೆ ಅಂಟಿಕೊಳ್ಳುತ್ತದೆ. ಆ ಪ್ರೋಟೀನನ್ನು ಗುರುತು ಹಿಡಿಯುವ ಯಕೃತ್ತಿನ ಜೀವಕೋಶ, ಕಣವನ್ನೂ ಸೇರಿಸಿ ಒಳಗೆ ಎಳೆದುಕೊಳ್ಳುತ್ತದೆ. ಕೆಲಸ ಮುಗಿಯಿತೇ? ಇಲ್ಲ. ಒಳಗೆ ಎಳೆದುಕೊಂಡದ್ದನ್ನು ಜೀವಕೋಶ ಎಂಡೋಸೋಮ್ ಎಂಬ ಚೀಲದಲ್ಲಿ ಕೂಡಿಹಾಕುತ್ತದೆ. ಚೀಲದೊಳಗೆ ನಿಧಾನವಾಗಿ ಹುಳಿ ಏರುತ್ತದೆ. ಬೇಗ ಹೊರಬರದಿದ್ದರೆ ಅಲ್ಲೇ ಕರಗಬೇಕು.

ಇಲ್ಲಿದೆ ನನಗೆ ತುಂಬ ಇಷ್ಟವಾದ ಜಾಣತನ. ಕಣದಲ್ಲಿರುವ ಒಂದು ಬಗೆಯ ಜಿಡ್ಡು ರಕ್ತದಲ್ಲಿರುವಾಗ ವಿದ್ಯುದಂಶವಿಲ್ಲದೆ ತಣ್ಣಗಿರುತ್ತದೆ. ಹುಳಿ ತಾಗಿದ ಕೂಡಲೇ ಧನ ವಿದ್ಯುದಂಶ ಪಡೆದು, ಎಂಡೋಸೋಮಿನ ಗೋಡೆಗೆ ತಗುಲಿಕೊಂಡು, ಅದನ್ನು ಅಲ್ಲಲ್ಲಿ ಬಿರಿಸುತ್ತದೆ. ಕೊಲ್ಲಲೆಂದು ಜೀವಕೋಶ ಹಾಕಿದ ಹುಳಿಯೇ ಬಿಡುಗಡೆಯ ಸೂಚನೆಯಾಗುತ್ತದೆ! ಇಷ್ಟಾದರೂ ನೂರು ಎಸ್‌ಐಆರ್‌ಎನ್‌ಎ ಒಳಹೋದರೆ ಪಾರಾಗಿ ಹೊರಬರುವುದು ಒಂದೋ ಎರಡೋ ಎಂದು 2013ರಲ್ಲಿ ಅಳೆದು ನೋಡಿದ್ದಾರೆ. ಅಷ್ಟರಿಂದಲೇ ಕೆಲಸ ಆಗುತ್ತದೆ ಎಂದರೆ, ಸವೆಯದೆ ಹರಿಯುತ್ತಲೇ ಹೋಗುವ ಆರ್ಗೊನಾಟ್‌ಗೆ ಧನ್ಯವಾದ ಹೇಳಬೇಕು.

ಹೀಗೆ ತಯಾರಾದ ಮೊದಲ ಔಷಧಿ ಪ್ಯಾಟಿಸಿರಾನ್. ಯಕೃತ್ತಿನಲ್ಲಿ ತಯಾರಾಗುವ ಒಂದು ಪ್ರೋಟೀನ್ ಕೆಲವರಲ್ಲಿ ಹುಟ್ಟಿನಿಂದಲೇ ತಪ್ಪಾಗಿದ್ದು, ನರಗಳಲ್ಲಿ, ಹೃದಯದಲ್ಲಿ ಕೂಡಿಕೊಳ್ಳುತ್ತಾ ಬರುತ್ತದೆ. ಕೈಕಾಲು ಜೋಮು ಹಿಡಿದು, ನಡೆಯುವುದೂ ಕಷ್ಟವಾಗುತ್ತದೆ. ಪ್ಯಾಟಿಸಿರಾನ್ ಆ ಪ್ರೋಟೀನಿನ ನಕಲನ್ನು ಹರಿಯುತ್ತದೆ. ಮೂರು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡಬೇಕು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2018ರ ಆಗಸ್ಟ್ 10ರಂದು. ಹುಳು ಅದುರಿದ್ದು 1998ರಲ್ಲಿ, ಔಷಧಿ ಬಂದದ್ದು 2018ರಲ್ಲಿ. ಲೆಕ್ಕ ಹಾಕಿ: 20 ವರ್ಷ! ಈ 20 ವರ್ಷಗಳಲ್ಲಿ ಬಹುಪಾಲು ಹೋದದ್ದು ಮುಟ್ಟಿಸುವ ದಾರಿ ಹುಡುಕುವುದಕ್ಕೆ.

ಆಮೇಲೆ ಇನ್ನೂ ಸರಳವಾದ ದಾರಿ ಸಿಕ್ಕಿತು. ಗ್ಯಾಲ್‌ನ್ಯಾಕ್ ಎಂಬ ಸಕ್ಕರೆಯನ್ನು ಹಿಡಿದುಕೊಳ್ಳುವ ಪ್ರೋಟೀನ್ ಯಕೃತ್ತಿನ ಜೀವಕೋಶಗಳ ಮೈಮೇಲೆ ಹೇರಳವಾಗಿದೆ. ಕಣವೂ ಬೇಡ, ಡ್ರಿಪ್ಪೂ ಬೇಡ. ಎಸ್‌ಐಆರ್‌ಎನ್‌ಎಗೆ ಈ ಸಕ್ಕರೆಯನ್ನು ಕಟ್ಟಿ ಚರ್ಮದಡಿ ಚುಚ್ಚಿದರೆ ಅದು ನೇರ ಯಕೃತ್ತಿಗೆ ಹೋಗುತ್ತದೆ. ಇನ್‌ಕ್ಲಿಸಿರಾನ್ ಎಂಬ ಔಷಧಿ ಹೀಗೆಯೇ ಹೋಗಿ, ಯಕೃತ್ತಿನ ಒಂದು ಜೀನನ್ನು ಸುಮ್ಮನಿರಿಸಿ, ರಕ್ತದ ಕೆಟ್ಟ ಕೊಲೆಸ್ಟೆರಾಲ್ ಇಳಿಸುತ್ತದೆ. ಮೊದಲ ಚುಚ್ಚುಮದ್ದಾದ ಮೂರು ತಿಂಗಳಿಗೆ ಎರಡನೆಯದು, ಆಮೇಲೆ ಆರು ತಿಂಗಳಿಗೊಮ್ಮೆ ಕೊಟ್ಟರೆ ಸಾಕು.

ಎಲೆಕ್ಟ್ರಾನಿಕ್ ಸಿಟಿಯಿಂದ ಕಣ್ಣಿನವರೆಗೆ

ನಮ್ಮ ಊರಿನ ಕಂಪನಿಯೂ ಈ ದಾರಿಯಲ್ಲಿ ಹೆಜ್ಜೆ ಹಾಕಿದೆ. ಹೊಸೂರು ರಸ್ತೆಯಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಬಯೋಕಾನ್ ಕಂಪನಿ 2013ರಲ್ಲಿ ಕ್ವಾರ್ಕ್ ಎಂಬ ವಿದೇಶಿ ಕಂಪನಿಯ ಜೊತೆ ಎಸ್‌ಐಆರ್‌ಎನ್‌ಎ ಔಷಧಿಗಳಿಗಾಗಿ ಒಪ್ಪಂದ ಮಾಡಿಕೊಂಡಿತು. ಅವರು ಕೈಗೆತ್ತಿಕೊಂಡದ್ದು ಕಣ್ಣಿನ ಒಂದು ಕಾಯಿಲೆ. ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಮುಂಭಾಗಕ್ಕೆ ರಕ್ತ ಸಾಲದೆ, ಎಷ್ಟೋ ಸಲ ಬೆಳಿಗ್ಗೆ ಎದ್ದಾಗ ಒಂದು ಕಣ್ಣಿನ ನೋಟ ಮಂಕಾಗಿರುತ್ತದೆ. ರಕ್ತ ಸಾಲದ ಆ ನರಕೋಶಗಳಲ್ಲಿ ಕ್ಯಾಸ್ಪೇಸ್-2 ಎಂಬ ಪ್ರೋಟೀನ್ ‘ಸಾಯಿ’ ಎಂಬ ಆಜ್ಞೆಯನ್ನು ಮುಂದಕ್ಕೆ ಸಾಗಿಸುತ್ತದೆ. ಆ ಪ್ರೋಟೀನಿನ ಜೀನನ್ನು ಸುಮ್ಮನಿರಿಸಿದರೆ ನರಕೋಶ ಉಳಿಯಬಹುದು ಎಂಬುದು ಯೋಚನೆ.

ಕಣ್ಣನ್ನೇ ಆರಿಸಿಕೊಂಡದ್ದರಲ್ಲಿ ಮುಟ್ಟಿಸುವ ಲೆಕ್ಕವೂ ಇದೆ. ಕಣ್ಣು ಸಣ್ಣದು, ಮುಚ್ಚಿದ ಜಾಗ. ಒಳಗಿನ ದ್ರವಕ್ಕೆ ನೇರವಾಗಿ ಸೂಜಿಯಿಂದ ಹಾಕಿದರೆ ಮದ್ದು ಮೈಯೆಲ್ಲ ಅಲೆಯಬೇಕಾಗಿಲ್ಲ. ಮೂತ್ರಪಿಂಡದ ಭಯ ಕಡಿಮೆ, ಯಕೃತ್ತಿನ ಸೆಳೆತ ಇಲ್ಲ. ಮನುಷ್ಯರ ಮೇಲಿನ ಪರೀಕ್ಷೆಗಳವರೆಗೂ ಆ ಕೆಲಸ ಹೋಯಿತು. ಆಸ್ಪತ್ರೆಯಲ್ಲಿ ಬಳಸುವ ಔಷಧಿಯಾಗುವ ಮಟ್ಟವನ್ನು ಮುಟ್ಟಲಿಲ್ಲ. ಯೋಚನೆ ಚೆನ್ನಾಗಿದ್ದರೂ ದೇಹ ಒಪ್ಪಬೇಕು, ರೋಗಿಗಳಿಗೆ ಗುಣ ಕಾಣಬೇಕು. ಕಾಣದಿದ್ದರೆ ಕಂಡಿಲ್ಲ ಎಂದು ಒಪ್ಪಿಕೊಂಡು ಮುಂದಿನ ಪ್ರಶ್ನೆಗೆ ಹೋಗುವುದೇ ವಿಜ್ಞಾನ ನಡೆಯುವ ರೀತಿ.

ಇನ್ನೊಂದು ಕೆಲಸ ಕಂಪ್ಯೂಟರಿನದು. ನಾಲ್ಕು ಅಕ್ಷರಗಳಿಂದ 21 ಅಕ್ಷರದ ಸಾಲನ್ನು ಎಷ್ಟು ಬಗೆಯಲ್ಲಿ ಬರೆಯಬಹುದು? 21 ನಾಲ್ಕುಗಳನ್ನು ಸಾಲಾಗಿ ಬರೆದು ಒಂದಕ್ಕೊಂದು ಗುಣಿಸಬೇಕು. ಉತ್ತರ ಸುಮಾರು 4.4 ಲಕ್ಷ ಕೋಟಿ. ಇದರಲ್ಲಿ ನಮಗೆ ಬೇಕಾದ ಜೀನಿಗೆ ಹೊಂದುವ, ಉಳಿದ ಯಾವ ಒಳ್ಳೆಯ ಜೀನನ್ನೂ ತಪ್ಪಿ ಮುಟ್ಟದ ಸಾಲನ್ನು ಆರಿಸಬೇಕು. ಎಳೆಯ ಮೊದಲ ಏಳೆಂಟು ಅಕ್ಷರಗಳು ಬೇರೊಂದು ಸಂದೇಶಕ್ಕೆ ಹೊಂದಿಬಿಟ್ಟರೂ ಆ ಬೇರೆ ಜೀನು ಸ್ವಲ್ಪ ಮಂಕಾಗಬಹುದು. ಅದಕ್ಕೇ ಕಂಪ್ಯೂಟರಿನಲ್ಲಿ ಇಡೀ ಜೀನ್ ಪಟ್ಟಿಯ ಜೊತೆ ಹೋಲಿಸಿ ನೋಡುತ್ತಾರೆ. ಇದಕ್ಕೆ ಜೀವವಿಜ್ಞಾನವೂ ಬೇಕು, ಪ್ರೋಗ್ರಾಂ ಬರೆಯಲೂ ಬರಬೇಕು. ಎಲೆಕ್ಟ್ರಾನಿಕ್ ಸಿಟಿಯ ಬಯೋಟೆಕ್ ಪಾರ್ಕಿನಲ್ಲಿರುವ ಐಬಿಎಬಿ ಸಂಸ್ಥೆಯಲ್ಲಿ ಈ ಎರಡನ್ನೂ ಒಟ್ಟಿಗೆ ಕಲಿಸುತ್ತಾರೆ. ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಿಮ್ಮಮ್ಮನ ವಿದ್ಯೆಗೂ ರೇಷ್ಮೆ ಸಾಕುವ ನಿಮ್ಮ ಅಜ್ಜಿಯ ತಿಳಿವಳಿಕೆಗೂ ಈ ವಿಜ್ಞಾನದಲ್ಲಿ ಸಮನಾದ ಜಾಗವಿದೆ.

ನಿಮಗೆ ಉಳಿದಿರುವ ಪ್ರಶ್ನೆ

ಇವತ್ತು ಬಳಕೆಯಲ್ಲಿರುವ ಎಸ್‌ಐಆರ್‌ಎನ್‌ಎ ಔಷಧಿಗಳು ಹೋಗಿ ಕೆಲಸ ಮಾಡುವುದು ಯಕೃತ್ತಿನಲ್ಲಿ. ಮಿದುಳಿನ ಜೀವಕೋಶಕ್ಕೆ, ಶ್ವಾಸಕೋಶಕ್ಕೆ, ಸ್ನಾಯುವಿಗೆ, ಕ್ಯಾನ್ಸರ್ ಗಡ್ಡೆಯ ಒಳಗೆ ಇದನ್ನು ಮುಟ್ಟಿಸುವುದು ಹೇಗೆ? ಎಂಡೋಸೋಮಿನಿಂದ ನೂರಕ್ಕೆ ಒಂದೆರಡರ ಬದಲು ಐವತ್ತು ಪಾರಾಗುವಂತೆ ಮಾಡಲು ಬರುತ್ತದೆಯೇ? ಪ್ಯಾಟಿಸಿರಾನ್ ಬಂದಾಗ ಒಬ್ಬ ರೋಗಿಗೆ ಒಂದು ವರ್ಷಕ್ಕೆ ಕಂಪನಿ ಹೇಳಿದ ಬೆಲೆ 4,50,000 ಡಾಲರ್. ಅಷ್ಟು ಹಣ ಇಲ್ಲದವರ ಜೀವಕೋಶಕ್ಕೆ ಮದ್ದನ್ನು ಯಾರು ಮುಟ್ಟಿಸಬೇಕು? ಮುಟ್ಟಿಸುವುದು ಎಂದರೆ ಪೊರೆ ದಾಟಿಸುವುದಷ್ಟೇ ಅಲ್ಲ. ಕಡಿಮೆ ಬೆಲೆಯಲ್ಲಿ, ತಾಲ್ಲೂಕು ಆಸ್ಪತ್ರೆಯವರೆಗೆ ತಲುಪಿಸುವುದೂ ಅದೇ ಪ್ರಶ್ನೆಯ ಇನ್ನೊಂದು ಭಾಗ ಎಂದೇ ನಾನು ನಂಬಿದ್ದೇನೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ತನ್ನ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೆ ತೆರೆದಿಡುತ್ತದೆ. ಮುಂದಿನ ಬಾರಿ ಶಾಲೆಯವರ ಜೊತೆ ಅಲ್ಲಿಗೆ ಹೋದಾಗ, ಜೀವಕೋಶಗಳ ಬಗ್ಗೆ ಹೇಳುತ್ತಿರುವ ಅಕ್ಕ ಅಥವಾ ಅಣ್ಣನ ಬಳಿ ನಿಂತು ಈ ಪ್ರಶ್ನೆ ಕೇಳಿ: “ಯಕೃತ್ತಿಗೆ ಹೋಗೋಕೆ ಗ್ಯಾಲ್‌ನ್ಯಾಕ್ ಸಕ್ಕರೆ ಸಿಕ್ಕಿತಲ್ಲ, ಮಿದುಳಿಗೆ ಹೋಗೋಕೆ ಏನು ಕಟ್ಟಬಹುದು?” ಅವರು ತಮಗೆ ತಿಳಿದಷ್ಟು ಹೇಳುತ್ತಾರೆ. ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅವರು ಹೇಳಲಾಗದೆ ನಿಲ್ಲಿಸಿದ ಜಾಗವನ್ನು ಗುರುತು ಹಾಕಿಕೊಳ್ಳಿ. ನಿಮ್ಮ ಕೆಲಸ ಅಲ್ಲಿಂದ ಶುರುವಾಗಬಹುದು.